ವಾಲ್ವ್ ರೇಡಿಯೋ ಅಲೈನ್‌ಮೆಂಟ್: ಯಾವ ಉಪಕರಣ ಸಾಕು, ಯಾವುದು ದಂಡ

ಹಳೆಯ ಮರ್ಫಿಯನ್ನೋ ಫಿಲಿಪ್ಸನ್ನೋ ಅಟ್ಟದಿಂದ ಇಳಿಸಿ, ಕಂಡೆನ್ಸರ್ ಬದಲಿಸಿ, ಹೇಗೋ ಮಾತಾಡಿಸಿದವರು ಮುಂದೆ ಕೇಳುವ ಪ್ರಶ್ನೆ ಒಂದೇ: ‘ಅಲೈನ್ ಮಾಡೋಕೆ ಯಾವ ಸಿಗ್ನಲ್ ಜನರೇಟರ್ ತಗೊಳ್ಳಲಿ?’ ಅಲೈನ್ ಮಾಡುವುದೆಂದರೆ ರೇಡಿಯೋದ ಒಳಗಿನ ಟ್ಯೂನಿಂಗ್ ಸ್ಕ್ರೂಗಳನ್ನು ತಿರುಗಿಸಿ ಸೆಟ್ಟನ್ನು ಸರಿಯಾದ ಫ್ರೀಕ್ವೆನ್ಸಿಗೆ ಹೊಂದಿಸುವುದು; ಸಿಗ್ನಲ್ ಜನರೇಟರ್ ಎಂದರೆ ಅದಕ್ಕೆ ಬೇಕಾದ ಪರೀಕ್ಷಾ ಸಿಗ್ನಲ್ ಕೊಡುವ ಪೆಟ್ಟಿಗೆ. ನನ್ನ ಉತ್ತರ ಹಲವರಿಗೆ ರುಚಿಸುವುದಿಲ್ಲ. ಜನರೇಟರ್ ಮೂರನೆಯ ಮಾತು. ಮೊದಲನೆಯದು ಸೆಟ್ಟನ್ನು ಮೇನ್ಸ್ ಲೈನಿನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್, ಎರಡನೆಯದು ಮೀಟರ್. ಜನರೇಟರ್ ಕೊಳ್ಳುವಾಗಲೂ ನೋಡಬೇಕಾದದ್ದು ಅದು ಎಷ್ಟು ನಿಖರ ಅನ್ನುವುದಕ್ಕಿಂತ, ಸಿಗ್ನಲ್ಲನ್ನು ಎಷ್ಟು ಸಣ್ಣಗೆ ಕೊಡಬಲ್ಲದು ಅನ್ನುವುದನ್ನು.

ಸದ್ದು ಕುಗ್ಗಿದ ಎಲ್ಲ ರೇಡಿಯೋಗೂ ಅಲೈನ್‌ಮೆಂಟ್ ಬೇಕಾಗಿರುವುದಿಲ್ಲ. ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ ಹೋಗುವ ಕಪ್ಲಿಂಗ್ ಕಂಡೆನ್ಸರ್ ಸೋರುತ್ತಿರಬಹುದು, ಮಿಕ್ಸರ್ ವಾಲ್ವ್ ಇಸಿಎಚ್81 ಸೊರಗಿರಬಹುದು, ಎವಿಸಿ (ಸಿಗ್ನಲ್ ಜೋರಾದಷ್ಟೂ ಗೇನ್ ತಾನಾಗಿ ಇಳಿಸುವ ವ್ಯವಸ್ಥೆ) ಲೈನಿನ ಕಂಡೆನ್ಸರ್ ಕೆಟ್ಟಿರಬಹುದು. ಜಾಲಹಳ್ಳಿಯ ಬಿಇಎಲ್ 1961ರಲ್ಲಿ ರಿಸೀವಿಂಗ್ ವಾಲ್ವ್‌ಗಳ ತಯಾರಿಕೆ ಶುರುಮಾಡಿತ್ತು. ಆ ಮುದ್ರೆಯ ವಾಲ್ವ್‌ಗಳು ಹಳೆ ಸಾಮಾನಿನ ಅಂಗಡಿಗಳಲ್ಲಿ ಇಂದಿಗೂ ಕಣ್ಣಿಗೆ ಬೀಳುತ್ತವೆ. ಒಂದು ಒಳ್ಳೆ ವಾಲ್ವ್ ಹಾಕಿ ನೋಡುವುದು ಸ್ಕ್ರೂ ತಿರುಗಿಸುವುದಕ್ಕಿಂತ ಮೊದಲು ಆಗಬೇಕಾದ ಕೆಲಸ. ಕಾರ್ಖಾನೆಯಲ್ಲಿ ಮೇಣ ಹಚ್ಚಿದ ಐಎಫ್ ಕ್ಯಾನ್‌ಗಳು (ಟ್ಯೂನಿಂಗ್ ಕಾಯಿಲ್‌ಗಳಿರುವ ಲೋಹದ ಡಬ್ಬಿಗಳು) ಹಾಗೇ ಇದ್ದರೆ, ಅಲ್ಲಿ ಯಾರೂ ಕೈಯಾಡಿಸಿಲ್ಲ ಎಂದರ್ಥ. ಅವನ್ನು ಮುಟ್ಟುವ ಅವಸರ ಬೇಡ. ಮೇಣ ಕಿತ್ತು ಸ್ಕ್ರೂ ತಲೆ ಸವೆದಿದೆಯೋ, ಆಗ ಯಾವುದೋ ಮೆಕ್ಯಾನಿಕ್ ‘ಟೈಟ್ ಮಾಡಿ’ ಹೋಗಿದ್ದಾನೆ. ಅಂಥ ಸೆಟ್‌ಗೆ ಉಪಕರಣ ನಿಜಕ್ಕೂ ಬೇಕು.

ಕೆಲಸ ಎಷ್ಟು, ಸಂಖ್ಯೆಗಳು ಯಾವುವು

ಸೂಪರ್‌ಹೆಟ್ ರೇಡಿಯೋ ಬಂದ ಸ್ಟೇಷನ್ನನ್ನು ತನ್ನದೇ ಆಸಿಲೇಟರ್ ಜತೆ ಬೆರೆಸಿ, ಐಎಫ್ ಎಂಬ ಒಂದೇ ನಿಗದಿತ ಫ್ರೀಕ್ವೆನ್ಸಿಗೆ ತರುತ್ತದೆ. ಅದರಲ್ಲಿ ಕೈಯಾಡಿಸುವುದು ಮೂರು ಕಡೆ. ಮೊದಲು ಐಎಫ್ ಕ್ಯಾನ್‌ಗಳು. ಆಮೇಲೆ ಆಸಿಲೇಟರ್: ಮೀಡಿಯಂ ವೇವ್‌ನ 600 ಕಿಲೋಹರ್ಟ್ಸ್ ಕಡೆ ಪ್ಯಾಡರ್ ಅಥವಾ ಕಾಯಿಲ್‌ನ ಕೋರ್, 1400ರ ಕಡೆ ಟ್ರಿಮ್ಮರ್ (ಪ್ಯಾಡರ್, ಟ್ರಿಮ್ಮರ್ ಎರಡೂ ಸ್ಕ್ರೂನಿಂದ ಹೊಂದಿಸುವ ಪುಟ್ಟ ಕಂಡೆನ್ಸರ್‌ಗಳು). ಕೊನೆಗೆ ಏರಿಯಲ್ ಕಾಯಿಲ್‌ನ ಟ್ರಿಮ್ಮರ್. 600ನ್ನು ಸರಿಮಾಡಿದರೆ 1400 ಸ್ವಲ್ಪ ಜರುಗುತ್ತದೆ, 1400ನ್ನು ಸರಿಮಾಡಿದರೆ 600 ಜರುಗುತ್ತದೆ. ಎರಡೂ ನಿಲ್ಲುವವರೆಗೆ ಹಿಂದೆಮುಂದೆ ಓಡಾಡಬೇಕು.

ಐಎಫ್ ಅಂದರೆ 455 ಕಿಲೋಹರ್ಟ್ಸ್ ಎಂದು ಎಲ್ಲರಿಗೂ ಬಾಯಿಪಾಠ. ಆದರೆ ಫಿಲಿಪ್ಸ್‌ನ ಹಲವು ಸೆಟ್‌ಗಳದ್ದು 452, ಬ್ರಿಟಿಷ್ ವಿನ್ಯಾಸದ ಹಲವದ್ದು 465 ಅಥವಾ 470. ಸರ್ವಿಸ್ ಶೀಟ್ ಸಿಕ್ಕರೆ ಅದನ್ನೇ ನಂಬಿ, ಇಲ್ಲದಿದ್ದರೆ ಹಿಂಬದಿಯ ರಟ್ಟಿನ ಮೇಲೆ ಏನಾದರೂ ಬರೆದಿದೆಯೇ ನೋಡಿ. ಡಯಲ್ ಗಾಜಿನ ಮೇಲೆ ಬರೆದಿರುವ ಊರುಗಳ ಹೆಸರನ್ನು ಮಾತ್ರ ಗುರಿಯಾಗಿ ಇಟ್ಟುಕೊಳ್ಳಬೇಡಿ. ಭಾರತವಿರುವ ವಲಯದಲ್ಲಿ ಮೀಡಿಯಂ ವೇವ್ ಸ್ಟೇಷನ್‌ಗಳು 1978ರ ನವೆಂಬರ್‌ನಿಂದ 9 ಕಿಲೋಹರ್ಟ್ಸ್ ಅಂತರದ ಹೊಸ ಯೋಜನೆಗೆ ಬಂದವು. ಅದಕ್ಕೂ ಹಿಂದಿನ ಗಾಜು ಆ ಕಾಲದ ಲೆಕ್ಕ ಹೇಳುತ್ತದೆ. ಮೀಟರಿನ ಗುರುತುಗಳು ಇದ್ದರೆ ಅವು ಸರಿ. 3,00,000ವನ್ನು ಕಿಲೋಹರ್ಟ್ಸ್‌ನಿಂದ ಭಾಗಿಸಿದರೆ ಮೀಟರ್ ಬರುತ್ತದೆ: ಬೆಂಗಳೂರಿನ 612 ಎಂದರೆ ಸುಮಾರು 490 ಮೀಟರ್, ಧಾರವಾಡದ 765 ಎಂದರೆ 392.

ಮೊದಲು ಕೊಳ್ಳಬೇಕಾದದ್ದು

ಯುಸಿಎಚ್, ಯುಬಿಎಫ್, ಯುಎಲ್, ಯುವೈ ಎಂದು ‘ಯು’ದಿಂದ ಶುರುವಾಗುವ ವಾಲ್ವ್‌ಗಳಿದ್ದರೆ ಅದು ಎಸಿ-ಡಿಸಿ ಸೆಟ್. ಒಳಗೆ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲ, ಪ್ಲಗ್ ತಿರುಗಿಸಿ ಹಾಕಿದರೆ ಚಾಸಿಗೇ (ಸೆಟ್ಟಿನ ಲೋಹದ ಚೌಕಟ್ಟಿಗೇ) 230 ವೋಲ್ಟ್ ಬಂದು ಕೂರುತ್ತದೆ. ಜನರೇಟರ್‌ನ ಅರ್ತ್ ಕ್ಲಿಪ್ಪನ್ನು ಅಂಥ ಚಾಸಿಗೆ ಕಚ್ಚಿಸಿದ ಕ್ಷಣ ಫ್ಯೂಸ್ ಹೋದರೆ ಅದೃಷ್ಟ. ಉಪಕರಣವೂ ಹೋಗಬಹುದು, ಕೈಗೆ ಶಾಕ್ ಹೊಡೆದರೆ ಇನ್ನೂ ಕೆಟ್ಟದ್ದು.

ನಮ್ಮ ರಿಪೇರಿ ಮೇಜುಗಳಲ್ಲಿ ಸೀರೀಸ್ ಬಲ್ಬ್ ಬೋರ್ಡ್ ಇದ್ದೇ ಇರುತ್ತದೆ. ಅದು ಶಾರ್ಟ್ ಆದಾಗ ಸೆಟ್ಟನ್ನು ಉಳಿಸುತ್ತದೆ, ನಿಮ್ಮನ್ನಲ್ಲ. ವೋಲ್ಟೇಜ್ ಏರಿಳಿಸುವ ವೇರಿಯಾಕ್ ಕೂಡ ಅಷ್ಟೇ: ಅದು ಆಟೋ ಟ್ರಾನ್ಸ್‌ಫಾರ್ಮರ್, ಲೈನಿನಿಂದ ಬೇರ್ಪಡಿಸುವುದಿಲ್ಲ. ಬೇಕಾದದ್ದು ಎರಡು ಪ್ರತ್ಯೇಕ ಸುತ್ತುಗಳ 230ಕ್ಕೆ 230 ವೋಲ್ಟಿನ ಟ್ರಾನ್ಸ್‌ಫಾರ್ಮರ್. ನೂರು ವೋಲ್ಟ್-ಆಂಪಿಯರ್‌ನದು ಸಾಮಾನ್ಯ ಸೆಟ್ಟಿಗೆ ಧಾರಾಳ. ಟ್ರಾನ್ಸ್‌ಫಾರ್ಮರ್ ಸುತ್ತಿಕೊಡುವವರ ಬಳಿ ಹೇಳಿ ಮಾಡಿಸಬಹುದು. ‘ಇ’ ಸರಣಿಯ ಇಸಿಎಚ್81, ಇಬಿಎಫ್89, ಇಎಲ್84 ವಾಲ್ವ್‌ಗಳ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಒಳಗೇ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಈ ಭಯ ಕಡಿಮೆ, ಆದರೂ ವಾಲ್ವ್‌ಗಳಿಗೆ ಹೋಗುವ ಎಚ್‌ಟಿ (ಹೈ ಟೆನ್ಷನ್) ಲೈನಿನಲ್ಲಿ 200ರಿಂದ 250 ವೋಲ್ಟ್ ಡಿಸಿ ಇರುತ್ತದೆ. ಡಿಕೆ96, ಡಿಎಫ್96 ಹಾಕಿದ ಬ್ಯಾಟರಿ ಸೆಟ್‌ಗಳಿಗೆ ಮೇನ್ಸಿನ ಗೊಡವೆಯೇ ಇಲ್ಲ.

ಸಿಗ್ನಲ್ ಎಲ್ಲಿಂದ ತರುವುದು

ಕಿವಿ ಮತ್ತು ಆಕಾಶವಾಣಿ. ಇದನ್ನು ಹಗುರವಾಗಿ ಕಾಣುವವರಿದ್ದಾರೆ, ನಾನಲ್ಲ. ಐಎಫ್ ಕ್ಯಾನ್‌ಗಳನ್ನು ಯಾರೂ ಕೆಡಿಸದ ಸೆಟ್ ಆಗಿದ್ದರೆ ಗುರುತಿಗೆ ಸ್ಟೇಷನ್‌ಗಳೇ ಸಾಕು: ಬೆಂಗಳೂರು 612, ಭದ್ರಾವತಿ 675, ಧಾರವಾಡ 765, ಕಲಬುರಗಿ 1107. ಎಲ್ಲವೂ ಒಂಬತ್ತರ ಗುಣಕಗಳು, ಎಲ್ಲವೂ ನಿಮ್ಮ ಯಾವ ಜನರೇಟರ್‌ಗಿಂತಲೂ ನಿಖರ. ತೊಂದರೆ ಮೇಲ್ತುದಿಯಲ್ಲಿ. 1400ರ ಸುತ್ತ ಗಟ್ಟಿಯಾದ ಸ್ಟೇಷನ್ ಎಲ್ಲ ಊರಲ್ಲೂ ಸಿಗುವುದಿಲ್ಲ, ರಾತ್ರಿ ಸಿಕ್ಕರೂ ಏರಿಳಿಯುತ್ತದೆ. ಫೇಡಿಂಗ್‌ನಲ್ಲಿ ಸದ್ದು ಏರಿದ್ದು ನಿಮ್ಮ ಸ್ಕ್ರೂನಿಂದಲೋ ಆಕಾಶದಿಂದಲೋ ಎಂದು ಗೊತ್ತಾಗದೆ ಗಂಟೆಗಟ್ಟಲೆ ಕಳೆಯಬಹುದು. ಶಾರ್ಟ್ ವೇವ್‌ಗೆ ಚೀನಾದ ಬಿಪಿಎಂ ಸಮಯ ಸಂಕೇತ 5, 10, 15 ಮೆಗಾಹರ್ಟ್ಸ್‌ಗಳಲ್ಲಿ ಟಿಕ್ ಟಿಕ್ ಎನ್ನುತ್ತಿರುತ್ತದೆ. ಡಯಲ್ ಗುರುತಿಗೆ ಇದಕ್ಕಿಂತ ಒಳ್ಳೆಯದನ್ನು ದುಡ್ಡು ಕೊಟ್ಟು ತರಬೇಕಿಲ್ಲ.

ಡಿಜಿಟಲ್ ಪೋರ್ಟಬಲ್ ರೇಡಿಯೋ. ಈ ಉಪಾಯ ಬಲ್ಲವರು ಕಡಿಮೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. 1 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ಟ್ಯೂನ್ ಆಗುವ ಚಿಕ್ಕ ಪೋರ್ಟಬಲ್ ಮನೆಯಲ್ಲಿದ್ದರೆ, ನಿಮ್ಮ ಬಳಿ ಆಗಲೇ ಒಂದು ಫ್ರೀಕ್ವೆನ್ಸಿ ಮೀಟರ್ ಇದ್ದಂತೆ. ವಾಲ್ವ್ ರೇಡಿಯೋದ ಆಸಿಲೇಟರ್ ತಾನೇ ಒಂದು ಪುಟ್ಟ ಟ್ರಾನ್ಸ್‌ಮಿಟರ್. ವಾಲ್ವ್ ಸೆಟ್ಟಿನಲ್ಲಿ ಬೆಂಗಳೂರು 612ನ್ನು ಸರಿಯಾಗಿ ಹಿಡಿಯಿರಿ, ಪೋರ್ಟಬಲ್ಲನ್ನು ಚಾಸಿಯ ಪಕ್ಕದಲ್ಲಿಡಿ, 1050ರಿಂದ ಮೇಲಕ್ಕೆ ಒಂದೊಂದೇ ಹೆಜ್ಜೆ ಹೋಗಿ. ಒಂದು ಜಾಗದಲ್ಲಿ ಬುಸುಗುಡುವ ಸದ್ದು ಥಟ್ಟನೆ ಅಡಗುತ್ತದೆ. ವಾಲ್ವ್ ಸೆಟ್ಟಿನ ಗುಬ್ಬಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಆ ಮೌನವೂ ಜರುಗಿದರೆ, ಅದೇ ಆಸಿಲೇಟರ್. 1067ರಲ್ಲಿ ಸಿಕ್ಕಿತೋ, 612 ಕಳೆದರೆ 455: ಐಎಫ್ ಸರಿಯಿದೆ. 1077ರಲ್ಲಿ ಸಿಕ್ಕಿತೋ, ಐಎಫ್ 465ರಲ್ಲಿ ಕೂತಿದೆ. ಅದು ಆ ಸೆಟ್ಟಿನ ಹುಟ್ಟುಗುಣವೋ ಯಾರೋ ತಿರುಗಿಸಿದ್ದೋ ಎಂಬುದನ್ನು ಸರ್ವಿಸ್ ಶೀಟ್ ಹೇಳುತ್ತದೆ. ಒಂದೆರಡು ಕಿಲೋಹರ್ಟ್ಸ್ ಆಚೀಚೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ಸ್ಟೇಷನ್ ನಡುಮಧ್ಯ ಹಿಡಿಯುವುದರಲ್ಲೇ ಅಷ್ಟು ತಪ್ಪು ಇರುತ್ತದೆ. ಇದರಿಂದ ಅಲೈನ್‌ಮೆಂಟ್ ಬೇಕೇ ಬೇಡವೇ ಎಂಬುದು ಒಂದು ರೂಪಾಯಿ ಖರ್ಚಿಲ್ಲದೆ ತಿಳಿಯುತ್ತದೆ.

ಹಳೆಯ ಸರ್ವಿಸ್ ಜನರೇಟರ್. ಲೀಡರ್ ಎಲ್‌ಎಸ್‌ಜಿ-17ರಂಥವು: 100 ಕಿಲೋಹರ್ಟ್ಸ್‌ನಿಂದ 150 ಮೆಗಾಹರ್ಟ್ಸ್‌ವರೆಗೆ, ಒಳಗೇ ಆಡಿಯೋ ಮಾಡ್ಯುಲೇಷನ್ (ಸಿಗ್ನಲ್ ಮೇಲೆ ಕೇಳಿಸುವ ಸ್ವರ ಹೇರುವುದು), ಮುಂದೆ ದೊಡ್ಡ ಡಯಲ್. ಡಯಲನ್ನು ಒಂದೇ ಕೈಯಲ್ಲಿ ಸರ್ರನೆ ಓಡಿಸಿ ಪೀಕ್ (ಸಿಗ್ನಲ್ ಅತಿ ಹೆಚ್ಚಾಗುವ ಜಾಗ) ಎಲ್ಲಿದೆ ಎಂದು ಹುಡುಕುವ ಸುಖ ಬಟನ್ ಒತ್ತುವ ಉಪಕರಣಗಳಲ್ಲಿಲ್ಲ. ಆದರೆ ಡಯಲ್ ಓದು ನೂರಕ್ಕೆ ಒಂದೆರಡು ಭಾಗ ತಪ್ಪಿದರೂ 455 ಎಂದುಕೊಂಡದ್ದು 450 ಅಥವಾ 460 ಆಗಿರುತ್ತದೆ, ಬಿಸಿಯಾಗುತ್ತ ಹೋದಂತೆ ಜರುಗುತ್ತದೆ. ಇದಕ್ಕೆ ಮದ್ದು ಅಗ್ಗದ ಫ್ರೀಕ್ವೆನ್ಸಿ ಕೌಂಟರ್, ಇಲ್ಲವೇ ಮೇಲೆ ಹೇಳಿದ ಪೋರ್ಟಬಲ್: ಜನರೇಟರ್ 455ರಲ್ಲಿದ್ದರೆ ಅದರ ಎರಡನೇ ಹಾರ್ಮೋನಿಕ್ (ಎರಡರಷ್ಟು ಫ್ರೀಕ್ವೆನ್ಸಿ) 910ರಲ್ಲಿ ಕೇಳಿಸುತ್ತದೆ. ಇನ್ನೊಂದು ದೋಷ ಗಂಭೀರವಾದದ್ದು. ಈ ಡಬ್ಬಿಗಳಲ್ಲಿ ಹಲವು ಸೋರುತ್ತವೆ. ಸಿಗ್ನಲ್ ಕುಗ್ಗಿಸುವ ಅಟೆನ್ಯುಯೇಟರನ್ನು ಸೊನ್ನೆಗೆ ಇಳಿಸಿದರೂ ಡಬ್ಬಿಯ ಸಂದಿಯಿಂದ, ಪವರ್ ಕೇಬಲ್‌ನಿಂದ ಸಿಗ್ನಲ್ ರೇಡಿಯೋಗೆ ತಲುಪುತ್ತಿರುತ್ತದೆ. ಕೊಳ್ಳುವ ಮುನ್ನ ಪರೀಕ್ಷೆ ಸುಲಭ: ಔಟ್‌ಪುಟ್ ಕೇಬಲ್ ಕಿತ್ತು, ಒಂದಡಿ ದೂರದಲ್ಲಿ ಟ್ರಾನ್ಸಿಸ್ಟರ್ ರೇಡಿಯೋ ಇಟ್ಟು ಕೇಳಿ. ಗಟ್ಟಿಯಾಗಿ ಕೂಗಿದರೆ ಅಲ್ಲೇ ಬಿಟ್ಟು ಬನ್ನಿ.

ಡಿಡಿಎಸ್ ಫಂಕ್ಷನ್ ಜನರೇಟರ್. ಆನ್‌ಲೈನ್‌ನಲ್ಲಿ ಸಿಗುವ, ಫ್ರೀಕ್ವೆನ್ಸಿಯನ್ನು ಡಿಜಿಟಲ್ ಆಗಿ ಹುಟ್ಟಿಸುವ ಎರಡು ಚಾನೆಲ್‌ನ ಚೀನೀ ಪೆಟ್ಟಿಗೆಗಳು. 455.000 ಎಂದು ಒತ್ತಿದರೆ ಅದೇ ಬರುತ್ತದೆ, ಜರುಗುವುದಿಲ್ಲ. ಎರಡು ವಿಷಯ ನೋಡಿ ಕೊಳ್ಳಿ. ಎಎಂ ಮಾಡ್ಯುಲೇಷನ್ ಇದೆಯೇ? ಅಗ್ಗದ ಕೆಲವು ಮಾಡೆಲ್‌ಗಳಲ್ಲಿ ಇರುವುದಿಲ್ಲ, ಆಗ ಸ್ಪೀಕರ್‌ನಲ್ಲಿ ಏನೂ ಕೇಳಿಸದು. ಕನಿಷ್ಠ ಔಟ್‌ಪುಟ್ ಎಷ್ಟು? ಇವು ಇಳಿಯುವುದು ಕೆಲವು ಮಿಲಿವೋಲ್ಟ್‌ವರೆಗೆ, ರೇಡಿಯೋದ ಏರಿಯಲ್‌ಗೆ ಬೇಕಾದದ್ದು ಮೈಕ್ರೋವೋಲ್ಟ್‌ಗಳು. ಪರಿಹಾರ ಪುಡಿಗಾಸಿನದು: 470 ಓಮ್ ಸೀರೀಸ್‌ನಲ್ಲಿ, 4.7 ಓಮ್ ಚಾಸಿಗೆ. ನೂರರಲ್ಲಿ ಒಂದು ಪಾಲು ಉಳಿಯುತ್ತದೆ. ಅದನ್ನು ಒಂದು ತಗಡಿನ ಡಬ್ಬಿಯಲ್ಲಿ ಕೂರಿಸಿ. ಬಯಲಲ್ಲಿ ತೂಗಾಡುವ ತಂತಿ ಅಟೆನ್ಯುಯೇಟರನ್ನು ದಾಟಿ ಸಿಗ್ನಲ್ ಚೆಲ್ಲುತ್ತದೆ.

ಎಸ್‌ಐ5351 ಮಾಡ್ಯೂಲ್. ಫ್ರೀಕ್ವೆನ್ಸಿ ಹುಟ್ಟಿಸುವ ಚಿಪ್ಪಿನ ಪುಟ್ಟ ಬೋರ್ಡು. ಆರ್ಡುಯಿನೋದಲ್ಲಿ ಪ್ರೋಗ್ರಾಂ ಬರೆಯಬಲ್ಲವರ ಮೆಚ್ಚಿನದು, ಅತ್ಯಂತ ಅಗ್ಗ. ಆದರೆ ಹೊರಡುವುದು ಚೌಕ ತರಂಗ. 455ರ ಮೂರನೇ ಹಾರ್ಮೋನಿಕ್ 1365, ಮೀಡಿಯಂ ವೇವ್ ನಡುವೆಯೇ ಬಂದು ಕೂರುತ್ತದೆ. ಮಾಡ್ಯುಲೇಷನ್ ತಾನಾಗಿ ಇಲ್ಲ, ಸಿಗ್ನಲ್ ವಿಪರೀತ ಜೋರು. ಅಲೈನ್‌ಮೆಂಟ್‌ಗಾಗಿಯೇ ಇದನ್ನು ಕೊಳ್ಳಬೇಡಿ ಎನ್ನುತ್ತೇನೆ.

ಟೈನಿಎಸ್‌ಎ. ಇದು ಮೂಲತಃ ಅಂಗೈಯಗಲದ ಸ್ಪೆಕ್ಟ್ರಮ್ ಅನಲೈಸರ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಎಂದು ತೋರಿಸುವ ಉಪಕರಣ), ಆದರೆ ಜನರೇಟರ್ ಆಗಿಯೂ ತಿರುಗಿಸಬಹುದು: 100 ಕಿಲೋಹರ್ಟ್ಸ್‌ನಿಂದ 350 ಮೆಗಾಹರ್ಟ್ಸ್‌ವರೆಗೆ ಸೈನ್ ತರಂಗ, ಎಎಂ ಮಾಡ್ಯುಲೇಷನ್ ಸಹಿತ, −76 ಡಿಬಿಎಂವರೆಗೆ ಇಳಿಯುತ್ತದೆ. ಅಂದರೆ 50 ಓಮ್‌ನಲ್ಲಿ ಸುಮಾರು 35 ಮೈಕ್ರೋವೋಲ್ಟ್. ಬ್ಯಾಟರಿಯಲ್ಲಿ ಓಡುವುದರಿಂದ ಪವರ್ ಕೇಬಲ್ ಮೂಲಕ ಸೋರುವ ಮಾತೂ ಇಲ್ಲ. ಹೊಸದಾಗಿ ಕೊಳ್ಳುವವರಿಗೆ ನನ್ನ ಮತ ಇದಕ್ಕೇ. ದೌರ್ಬಲ್ಯ ಒಂದೇ, ಅದರ ಪೋರ್ಟ್ ಬಹಳ ನಾಜೂಕು. ವಾಲ್ವ್‌ನ ಆನೋಡ್‌ನಲ್ಲಿರುವ 200 ವೋಲ್ಟ್ ಒಮ್ಮೆ ತಗುಲಿದರೆ ಮುಗಿಯಿತು. ಮಧ್ಯೆ 630 ವೋಲ್ಟಿನ 0.01 ಮೈಕ್ರೋಫ್ಯಾರಡ್ ಕಂಡೆನ್ಸರ್ ಇಲ್ಲದೆ ಯಾವ ತಂತಿಯೂ ಚಾಸಿಯೊಳಗೆ ಹೋಗಬಾರದು. ಈ ಕಂಡೆನ್ಸರ್ ಎಲ್ಲ ಜನರೇಟರ್‌ಗಳಿಗೂ ಬೇಕು. ಅದಿಲ್ಲದಿದ್ದರೆ ಜನರೇಟರ್‌ನ 50 ಓಮ್ ಮಿಕ್ಸರ್ ಗ್ರಿಡ್‌ನ ಎವಿಸಿಯನ್ನು ನೆಲಕ್ಕೆ ಎಳೆದುಹಾಕುತ್ತದೆ.

ಪೀಕ್ ಬಂತೆಂದು ಹೇಳುವವರು ಯಾರು

ಇಲ್ಲೇ ಹೆಚ್ಚಿನ ಅಲೈನ್‌ಮೆಂಟ್‌ಗಳು ಹಾಳಾಗುವುದು. ಸದ್ದು ಸಣ್ಣದಾಗಿ ಏರಿದ್ದು ಕಿವಿಗೆ ತಿಳಿಯುವುದಿಲ್ಲ. ಸಾಲದ್ದಕ್ಕೆ ಎವಿಸಿ ಇದೆ: ನೀವು ಕೋರ್ ತಿರುಗಿಸಿ ಸಿಗ್ನಲ್ ಏರಿಸಿದಷ್ಟೂ ಅದು ಗೇನ್ ಇಳಿಸುತ್ತದೆ. ಜೋರು ಸಿಗ್ನಲ್ ಕೊಟ್ಟು ಪೀಕ್ ಹುಡುಕುವುದೆಂದರೆ, ಮೇಲ್ಭಾಗ ಸಮತಟ್ಟಾದ ಗುಡ್ಡವನ್ನು ಹತ್ತಿ ನೆತ್ತಿ ಎಲ್ಲಿ ಎಂದು ತಡಕಾಡಿದ ಹಾಗೆ. ಅದಕ್ಕೇ ಜನರೇಟರ್ ಎಷ್ಟು ಸಣ್ಣಗೆ ಕೊಡಬಲ್ಲದು ಎಂದು ಅಷ್ಟು ಒತ್ತಿ ಹೇಳಿದ್ದು.

ಸ್ಪೀಕರ್‌ಗೆ ಅಡ್ಡಲಾಗಿ ಎಸಿ ವೋಲ್ಟ್‌ನಲ್ಲಿಟ್ಟ ಮಲ್ಟಿಮೀಟರ್: ನನ್ನ ಮೊದಲ ಆಯ್ಕೆ. ಹಳೆಯ ಸರ್ವಿಸ್ ಪದ್ಧತಿಯಲ್ಲಿ 400 ಹರ್ಟ್ಸ್‌ನ 30 ಶೇಕಡ ಮಾಡ್ಯುಲೇಷನ್ ಕೊಟ್ಟು, ಔಟ್‌ಪುಟ್ಟನ್ನು 50 ಮಿಲಿವಾಟ್‌ನಲ್ಲಿ ಹಿಡಿಯುತ್ತಿದ್ದರು. 3 ಓಮ್ ಸ್ಪೀಕರ್‌ನಲ್ಲಿ ಅದು 0.39 ವೋಲ್ಟ್, 5 ಓಮ್‌ನಲ್ಲಿ 0.5. ವಾಲ್ಯೂಮ್ ಪೂರ್ತಿ ಏರಿಸಿ, ಮೀಟರ್ 0.4ರ ಸುತ್ತ ಇರುವಷ್ಟಕ್ಕೇ ಜನರೇಟರನ್ನು ಇಳಿಸಿ. ಕೋರ್ ತಿರುಗಿಸಿದಂತೆ ಓದು 0.6 ಮುಟ್ಟಿದರೆ ವಾಲ್ಯೂಮ್ ಅಲ್ಲ, ಜನರೇಟರನ್ನೇ ಮತ್ತೆ ಇಳಿಸಬೇಕು. ಇಲ್ಲಿ ಸೂಜಿ ಮೀಟರ್ ಡಿಜಿಟಲ್‌ಗಿಂತ ಮೇಲು. ಡಿಜಿಟಲ್ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುವುದರಿಂದ ಪೀಕ್ ದಾಟಿದ ಮೇಲೆ ಸುದ್ದಿ ಹೇಳುತ್ತದೆ. ಸೂಜಿ ಏರಿ ನಿಂತು ಇಳಿಯುವುದು ಕಣ್ಣಿಗೆ ಕಾಣುತ್ತದೆ.

ಎವಿಸಿ ಲೈನಿನಲ್ಲಿ ಡಿಸಿ ಮೀಟರ್: ಮಾಡ್ಯುಲೇಷನ್ ಇಲ್ಲದ ಜನರೇಟರ್ ಇದ್ದವರಿಗೆ ಇದೇ ದಾರಿ. ಸಿಗ್ನಲ್ ಏರಿದಷ್ಟೂ ಮೈನಸ್ ವೋಲ್ಟೇಜ್ ಏರುತ್ತದೆ. ಇಲ್ಲಿ ಮಾತ್ರ ಸೂಜಿ ಮೀಟರ್ ಬೇಡ. 20 ಕಿಲೋಓಮ್ ಪ್ರತಿ ವೋಲ್ಟಿನ ಮೀಟರ್ 10 ವೋಲ್ಟ್ ರೇಂಜಿನಲ್ಲಿ ಬರೀ 200 ಕಿಲೋಓಮ್. ಮೆಗಾಓಮ್‌ಗಳ ಮೂಲಕ ಬರುವ ಎವಿಸಿಯನ್ನು ನುಂಗಿಬಿಡುತ್ತದೆ. 10 ಮೆಗಾಓಮ್‌ನ ಡಿಜಿಟಲ್ ಮೀಟರ್, ಪ್ರೋಬಿನ ತುದಿಗೆ 1 ಮೆಗಾಓಮ್ ರೆಸಿಸ್ಟರ್ ಸೇರಿಸಿ. ಓದು ಸ್ವಲ್ಪ ಕಡಿಮೆ ತೋರಿಸುತ್ತದೆ, ತೋರಿಸಲಿ, ನಮಗೆ ಬೇಕಾದದ್ದು ಪೀಕ್ ಮಾತ್ರ. ಒಂದು ಎಚ್ಚರ: ಕೆಲವು ಸೆಟ್‌ಗಳಲ್ಲಿ ಎವಿಸಿ ವಿಳಂಬದ್ದು, ಸಣ್ಣ ಸಿಗ್ನಲ್‌ಗೆ ಅಲ್ಲಾಡುವುದೇ ಇಲ್ಲ. ಅಂಥವಕ್ಕೆ ಸ್ಪೀಕರ್ ಕಡೆಗೇ ಮರಳಿ.

ಮ್ಯಾಜಿಕ್ ಐ (ಸಿಗ್ನಲ್ ಬಲ ತೋರಿಸುವ ಹಸಿರು ಬೆಳಕಿನ ವಾಲ್ವ್) ಇದ್ದರೆ ಅದೂ ಎವಿಸಿ ಮೀಟರೇ, ಹಸಿರು ಇನ್ನೂ ಮಾಸಿಲ್ಲದಿದ್ದರೆ. ಆಸಿಲೋಸ್ಕೋಪ್ ಇರುವವರು ಸ್ಪೀಕರ್‌ಗೆ ಹಚ್ಚಿ ನೋಡಲಿ, ಸೈನ್ ತರಂಗದ ತಲೆ ಕತ್ತರಿಸಿದೆಯೇ ಎಂಬುದೂ ಕಾಣುತ್ತದೆ. ಆದರೆ ಇದಕ್ಕಾಗಿಯೇ ಸ್ಕೋಪ್ ಕೊಳ್ಳುವುದು ದಂಡ.

ಯಾರಿಗೆ ಯಾವುದು

ಮನೆಯಲ್ಲಿ ಅಜ್ಜನ ಕಾಲದ ಒಂದೇ ರೇಡಿಯೋ ಇದ್ದು, ಮೇಣ ಕಿತ್ತಿಲ್ಲವಾದರೆ: ಪೋರ್ಟಬಲ್, ಇರುವ ಮಲ್ಟಿಮೀಟರ್, ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ಜನರೇಟರ್ ಬೇಡ. ಯಾರೋ ತಿರುಗಿಸಿ ಕೆಡಿಸಿದ ಸೆಟ್ ಆದರೆ ಜನರೇಟರ್ ಬೇಕೇ ಬೇಕು, ಆದರೆ ಗೆಳೆಯರದ್ದು ಒಂದು ವಾರಕ್ಕೆ ಸಿಕ್ಕರೆ ಸಾಕು. ವರ್ಷಕ್ಕೆ ನಾಲ್ಕಾರು ಸೆಟ್ ಕೈಗೆ ಬರುವವರು ಟೈನಿಎಸ್‌ಎ ತೆಗೆದುಕೊಳ್ಳಲಿ. ಆಗಲೇ ಡಿಡಿಎಸ್ ಪೆಟ್ಟಿಗೆ ಇದ್ದವರು ಆ ಎರಡು ರೆಸಿಸ್ಟರ್ ಬೆಸೆದುಕೊಳ್ಳಲಿ, ಇನ್ನೊಂದನ್ನು ಕೊಳ್ಳುವುದು ಬೇಡ. ಹಳೆಯ ಲೀಡರ್ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ನಾನಂತೂ ಬಿಡೆನು, ಆದರೆ ಅದರ ಒಳಗಿನ ಕಂಡೆನ್ಸರ್‌ಗಳಿಗೂ ರೇಡಿಯೋದಷ್ಟೇ ವಯಸ್ಸಾಗಿರಬಹುದು ಎಂಬುದು ಲೆಕ್ಕದಲ್ಲಿರಲಿ.

ಯಾವುದನ್ನೇ ತೆಗೆದುಕೊಳ್ಳಿ, ಕೆಲವು ಪದ್ಧತಿಗಳು ಬದಲಾಗುವುದಿಲ್ಲ. ಸೆಟ್ಟನ್ನು ಅರ್ಧ ಗಂಟೆ ಓಡಿಸಿ ಬಿಸಿಯಾಗಲು ಬಿಡಿ. ಐಎಫ್ ಹೊಂದಿಸುವಾಗ ಗ್ಯಾಂಗ್ ಎಂಬ ಟ್ಯೂನಿಂಗ್ ಕಂಡೆನ್ಸರ್‌ನ ಆಸಿಲೇಟರ್ ಭಾಗವನ್ನು ಶಾರ್ಟ್ ಮಾಡಿ, ಇಲ್ಲದಿದ್ದರೆ ಸ್ಟೇಷನ್‌ಗಳು ನುಗ್ಗುತ್ತವೆ. ಏರಿಯಲ್‌ಗೆ ಸಿಗ್ನಲ್ ಕೊಡುವಾಗ ಮೀಡಿಯಂ ವೇವ್‌ನಲ್ಲಿ 200 ಪಿಕೋಫ್ಯಾರಡ್, ಶಾರ್ಟ್ ವೇವ್‌ನಲ್ಲಿ 400 ಓಮ್ ಮೂಲಕ ಕೊಡಿ. ನಿಜವಾದ ಏರಿಯಲ್ ಸುಮಾರಾಗಿ ಹಾಗೇ ಕಾಣುತ್ತದೆ. ಕಬ್ಬಿಣದ ಸ್ಕ್ರೂಡ್ರೈವರ್ ಕೋರ್‌ಗೆ ತಾಗಿದರೆ ಇಂಡಕ್ಟೆನ್ಸ್ ಬದಲಾಗುತ್ತದೆ, ತೆಗೆದ ಕೂಡಲೇ ಪೀಕ್ ಹೋಗುತ್ತದೆ. ಪ್ಲಾಸ್ಟಿಕ್ ಅಲೈನ್‌ಮೆಂಟ್ ಟೂಲ್ ಸಿಗದಿದ್ದರೆ ಸ್ವೆಟರ್ ಹೆಣೆಯುವ ಪ್ಲಾಸ್ಟಿಕ್ ಕಡ್ಡಿಯ ತುದಿ ಮಸೆದುಕೊಂಡರೂ ಆದೀತು. ಕೋರ್ ಅಂಟಿಕೊಂಡಿದ್ದರೆ ಬಲ ಹಾಕಬೇಡಿ. ಅದು ಸೀಳಿದರೆ ಆ ಕ್ಯಾನ್ ಮತ್ತೆ ಸಿಗುವುದು ದುಸ್ತರ. ಹೇರ್ ಡ್ರೈಯರ್‌ನಿಂದ ಮೇಣ ಮೆತ್ತಗಾಗಿಸಿ ನೋಡಿ.

ಶಾರ್ಟ್ ವೇವ್‌ನಲ್ಲಿ ಆಸಿಲೇಟರ್ ಟ್ರಿಮ್ಮರ್ ತಿರುಗಿಸಿದಾಗ ಎರಡು ಕಡೆ ಪೀಕ್ ಸಿಗುತ್ತದೆ. ಆಸಿಲೇಟರ್ ಸಿಗ್ನಲ್‌ಗಿಂತ ಮೇಲೆ ಓಡುವ ಸೆಟ್‌ಗಳಲ್ಲಿ ಟ್ರಿಮ್ಮರ್ ಹೆಚ್ಚು ಬಿಚ್ಚಿರುವ ಕಡೆಯದ್ದೇ ಸರಿ. ಖಾತ್ರಿಗೆ ಜನರೇಟರನ್ನು 15 ಮೆಗಾಹರ್ಟ್ಸ್‌ನಲ್ಲಿಟ್ಟು ರೇಡಿಯೋದ ಡಯಲನ್ನು 14.09ಕ್ಕೆ ತನ್ನಿ. ಐಎಫ್ 455 ಆದರೆ ಅಲ್ಲಿ ಅದೇ ಸಿಗ್ನಲ್ ಇನ್ನೊಮ್ಮೆ, ಮೆಲ್ಲಗೆ, ಕೇಳಿಸಬೇಕು. 15.91ರಲ್ಲಿ ಕೇಳಿಸಿದರೆ ನೀವು ಹಿಡಿದದ್ದು ತಪ್ಪು ಪೀಕ್.

ಗ್ರುಂಡಿಗ್, ಟೆಲಿಫುಂಕೆನ್‌ನಂಥ ಜರ್ಮನ್ ಸೆಟ್‌ಗಳದ್ದು ಬೇರೆಯೇ ಕತೆ, ಅವುಗಳಲ್ಲಿ ಹಲವಕ್ಕೆ ಎಫ್‌ಎಂ ಕೂಡ ಇರುತ್ತದೆ. ಭಾರತದಲ್ಲಿ ಎಫ್‌ಎಂ ಪ್ರಸಾರ 1977ರಲ್ಲಿ ಮದ್ರಾಸಿನಿಂದ ಶುರುವಾದದ್ದು, ಹಾಗಾಗಿ ಇಲ್ಲಿನ ವಾಲ್ವ್ ಸೆಟ್‌ಗಳಲ್ಲಿ ಅದನ್ನು ಹುಡುಕಬೇಡಿ. ಜರ್ಮನ್ ಸೆಟ್‌ಗಳಲ್ಲಿ 10.7 ಮೆಗಾಹರ್ಟ್ಸ್ ಐಎಫ್ ಅಗಲವಾಗಿಯೂ ಎರಡೂ ಬದಿ ಸಮವಾಗಿಯೂ ಇರಬೇಕು, ಡಿಟೆಕ್ಟರ್‌ನ ಎಸ್ ಆಕಾರದ ಗೆರೆಯ ನಡುಮಧ್ಯ ಸೊನ್ನೆಯಲ್ಲಿ ದಾಟಬೇಕು. ಹಿಂದೆ ಇದಕ್ಕೆ ವಾಬುಲೇಟರ್ (ಫ್ರೀಕ್ವೆನ್ಸಿಯನ್ನು ಹಿಂದೆಮುಂದೆ ಓಡಿಸುವ ಜನರೇಟರ್) ಮತ್ತು ಸ್ಕೋಪ್ ಬೇಕಾಗಿತ್ತು, ಇಂದು ಸ್ವೀಪ್ ಸೌಲಭ್ಯದ ಡಿಡಿಎಸ್ ಜನರೇಟರ್ ಮತ್ತು ಸ್ಕೋಪ್ ಅದೇ ಕೆಲಸ ಮಾಡುತ್ತವೆ. ನ್ಯಾನೋವಿಎನ್‌ಎ ಎಂಬ ಪುಟ್ಟ ನೆಟ್‌ವರ್ಕ್ ಅನಲೈಸರ್ ಇದ್ದವರು ಅದನ್ನೇ ಹಚ್ಚಲು ನೋಡುತ್ತಾರೆ; ಸೆಟ್ಟಿನಿಂದ ಬಿಚ್ಚಿದ ಕ್ಯಾನ್ ಪರೀಕ್ಷಿಸಲು ಸರಿ, ಓಡುತ್ತಿರುವ ಚಾಸಿಗೆ ಅದರ 50 ಓಮ್ ಪೋರ್ಟ್ ಹೊಂದುವುದಿಲ್ಲ. ಇನ್ನು ಆ ಡಯಲ್‌ಗಳಲ್ಲಿ ಹಲವು 100 ಮೆಗಾಹರ್ಟ್ಸ್‌ಗೇ ಮುಗಿಯುತ್ತವೆ. ಬೆಂಗಳೂರಿನ 91.1 ಸಿಗುತ್ತದೆ, ರೇನ್‌ಬೋ 101.3, ವಿವಿಧ ಭಾರತಿ 102.9 ಸಿಗುವುದಿಲ್ಲ. ಅವೆರಡಕ್ಕಾಗಿ ಆಸಿಲೇಟರನ್ನು ಎಳೆದು ಮೇಲೆ ಕೂರಿಸಿದರೆ ಡಯಲ್ ಸುಳ್ಳು ಹೇಳತೊಡಗುತ್ತದೆ. ಹಾಗೆ ಮಾಡಲೇಬೇಕೆಂದಿದ್ದರೆ ಟ್ರಿಮ್ಮರ್ ಮೊದಲಿದ್ದ ಜಾಗವನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಆಮೇಲೆ ತಿರುಗಿಸಿ.